ಚಾವಡಿಗೆ ಬಂದ ಸಬ್‌ವೂಫರ್



ನನ್ನ ಈ ಮಾತನ್ನು ನಿಮ್ಮಲ್ಲಿ ಹೆಚ್ಚಿನವರು ಅಂಗೈಯಗಲದ ಸ್ಪೀಕರ್ ಇರುವ ರೇಡಿಯೊದಲ್ಲೋ ಮೊಬೈಲಿನಲ್ಲೋ ಕೇಳುತ್ತಿರಬಹುದು. ಗಂಡಸರು ಮಾತಾಡುವಾಗ ಗಂಟಲಿನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 120 ಸಲ, ಅಂದರೆ 120 ಹರ್ಟ್ಜಿನಲ್ಲಿ, ಅದುರುತ್ತವೆ. ಸ್ವರದ ಬುಡ ಅದು. ಅಷ್ಟು ತಗ್ಗಿನ ದನಿಯನ್ನು ಹೊರಡಿಸುವ ತ್ರಾಣ ಪುಟ್ಟ ಸ್ಪೀಕರಿಗೆ ಇಲ್ಲ. ಅದರಿಂದ ಹೊರಗೆ ಬರುವುದು 240, 360, 480 ಹರ್ಟ್ಜ್ ಹೀಗೆ ಆ ಬುಡದ ಮೇಲೆ ಎದ್ದ ಉಪಸ್ವರಗಳು ಮಾತ್ರ. ಅವುಗಳ ನಡುವಿನ ಅಂತರವನ್ನು ಹಿಡಿದು ನಿಮ್ಮ ಮಿದುಳು ಕಾಣೆಯಾದ 120ನ್ನು ತಾನೇ ಕಟ್ಟಿಕೊಳ್ಳುತ್ತದೆ. ಹಾಗಾಗಿಯೇ ಮಾತಾಡುತ್ತಿರುವುದು ಗಂಡಸು ಎಂದು ನಿಮಗೆ ಕೂಡಲೇ ತಿಳಿಯುತ್ತದೆ.

ಮಿದುಳು ಇಷ್ಟು ಉಪಕಾರ ಮಾಡುತ್ತದೆ ಎಂದಾದರೆ ಮನೆಯೊಳಗೆ ಸಬ್‌ವೂಫರ್ ಎಂಬ, ತಗ್ಗುದನಿಗೆಂದೇ ಇರುವ ಇನ್ನೊಂದು ಭಾರದ ಪೆಟ್ಟಿಗೆ ಯಾಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಿದುಳು ಸ್ವರವನ್ನು ಗುರುತಿಸಿಕೊಡುತ್ತದೆ, ಅದರ ತೂಕವನ್ನು ಕೊಡುವುದಿಲ್ಲ. ಬೆಟ್ಟಂಪಾಡಿಯ ಮಹಾಲಿಂಗೇಶ್ವರ ದೇವಸ್ಥಾನದ ಅಂಗಳದಲ್ಲಿ ಉತ್ಸವ ಬಲಿಯ ಹೊತ್ತಿಗೆ ವಾದ್ಯದವರ ಹತ್ತಿರ ನಿಂತವರಿಗೆ ಗೊತ್ತುಂಟು, ಪೆಟ್ಟು ಕಿವಿಗೆ ಬೀಳುವಾಗಲೇ ಎದೆಗೂ ಬೀಳುತ್ತದೆ. ಅದೇ ಸದ್ದನ್ನು ಮೊಬೈಲಿನಲ್ಲಿ ಹಿಡಿದು ಮನೆಗೆ ತಂದು ಕೇಳಿದರೆ ಲೆಕ್ಕಾಚಾರವೆಲ್ಲ ಇರುತ್ತದೆ, ಎದೆಗೆ ಬಿದ್ದದ್ದು ಇರುವುದಿಲ್ಲ. ಆ ಎದೆಯ ಭಾಗವನ್ನು ಮನೆಗೆ ತರುವುದು ಹೇಗೆ, ತರುವಾಗ ಎಲ್ಲಿ ಕೆಡುತ್ತದೆ ಎಂಬುದೇ ಇವತ್ತಿನ ಮಾತು.

ನನ್ನೂರು ಬೆಟ್ಟಂಪಾಡಿ. ಪುತ್ತೂರಿನಿಂದ ಕೇರಳದ ಗಡಿಯ ಕಡೆಗೆ ಹೊರಟರೆ ಸಿಗುವ, ಗುಡ್ಡ ಮತ್ತು ಅಡಿಕೆ ತೋಟಗಳ ಊರು. ಸಂಗೀತ ಕೇಳುವವರಿಗೆ ಇಂಥ ಊರು ದೊಡ್ಡ ಭಾಗ್ಯ. ಪೇಟೆಯಲ್ಲಿ ರಾತ್ರಿಯಿಡೀ ವಾಹನಗಳ ಮೊರೆತ ತಗ್ಗುದನಿಯ ಜಾಗವನ್ನೆಲ್ಲ ತುಂಬಿಕೊಂಡಿರುತ್ತದೆ. ಇಲ್ಲಿ ಸಂಜೆ ತೋಟದ ಪಂಪು ನಿಂತ ಮೇಲೆ ಜೀರುಂಡೆಯ ಸದ್ದು ಬಿಟ್ಟರೆ ಬೇರೆ ಇಲ್ಲ, ಅದು ಮೇಲಿನ ಸ್ಥಾಯಿಯ ಸದ್ದು. ಕೆಳಗೆ ಪೂರ್ತಿ ಖಾಲಿ.

ನಮ್ಮ ಕಡೆಯ ಮನೆಗಳಿಗೆ ಸಂಗೀತದ ಯಂತ್ರ ಬಂದದ್ದು ಮೊದಲು ರೇಡಿಯೊದ ರೂಪದಲ್ಲಿ. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ಯಕ್ಷಗಾನ ಕೇಳುವುದಕ್ಕೆ ಬಯಲಿಗೆ ಹೋಗಲಾಗದ ಮುದುಕರು, ಬಾಣಂತಿಯರು ಮನೆಯಲ್ಲೇ ಕಿವಿಗೊಟ್ಟು ಕೂತರು. ಆಮೇಲೆ ಗಲ್ಫಿಗೆ ಹೋದವರು ಟೇಪ್ ರೆಕಾರ್ಡರ್ ತಂದರು, ಯಕ್ಷಗಾನದ ಕ್ಯಾಸೆಟ್ಟುಗಳು ಅಂಗಡಿಗೆ ಬಂದವು. ಬಲಿಪ ನಾರಾಯಣ ಭಾಗವತರ ಏರುಶ್ರುತಿಯ ಪದಗಳನ್ನು ಎಷ್ಟೋ ಮನೆಯವರು ಟೇಪು ಸವೆಯುವವರೆಗೆ ಕೇಳಿದ್ದಾರೆ. ಈಗ ಬೆಂಗಳೂರಿನ ಕೆಲಸ ಮಾಡುತ್ತಲೇ ಊರಿಗೆ ಮರಳಿದ ಯುವಕರು ಒಳ್ಳೆಯ ಆಂಪ್ಲಿಫೈಯರ್, ಒಳ್ಳೆಯ ಸ್ಪೀಕರು ಇಟ್ಟು ಒಂದು ಕೋಣೆಯನ್ನೇ ಕೇಳುವುದಕ್ಕೆಂದು ಮೀಸಲು ಮಾಡುತ್ತಿದ್ದಾರೆ. ನನಗೆ ಇದು ಬಹಳ ಸಂತೋಷದ ಸಂಗತಿ. ಕೂತು ಕೇಳುವವರು ಹೆಚ್ಚಾದರೆ ಕಲೆಗೆ ಒಳ್ಳೆಯದೇ. ಸ್ಪೀಕರು ತಂದು ಒಂದೆರಡು ತಿಂಗಳಲ್ಲಿ ಅವರು ಕೇಳುವ ಪ್ರಶ್ನೆಯೂ ಒಂದೇ: ಸಬ್‌ವೂಫರ್ ಹಾಕಬೇಕಾ?

ತಗ್ಗುದನಿಯ ಸ್ವಭಾವ ತಿಳಿದರೆ ಉತ್ತರ ಅರ್ಧ ಸಿಕ್ಕಿದಂತೆ. ಪುತ್ತೂರು ಮಹಾಲಿಂಗೇಶ್ವರನ ಬ್ರಹ್ಮರಥೋತ್ಸವಕ್ಕೆ ಏಪ್ರಿಲ್ 17ರ ರಾತ್ರಿ ಬೆಡಿ, ಅಂದರೆ ಸುಡುಮದ್ದಿನ ಪ್ರದರ್ಶನ, ಉಂಟಲ್ಲ, ಅದನ್ನು ನೆನಪಿಸಿಕೊಳ್ಳಿ. ದೇವರಮಾರು ಗದ್ದೆಯಲ್ಲಿ ನಿಂತವರಿಗೆ ಚಟಪಟ, ಸುಂಯ್, ಧುಂ ಎಲ್ಲವೂ ಕೇಳುತ್ತದೆ. ದೂರದ ಗುಡ್ಡದಾಚೆಯವರಿಗೆ ಧುಂ ಮಾತ್ರ. ಮೇಲಿನ ಸ್ಥಾಯಿಯ ಸದ್ದನ್ನು ಗಾಳಿ ದಾರಿಯಲ್ಲೇ ಹೀರುತ್ತದೆ, ಗುಡ್ಡ ಅಡ್ಡ ಬಂದರೆ ಅದು ಅಲ್ಲಿಗೇ ನಿಲ್ಲುತ್ತದೆ. 10,000 ಹರ್ಟ್ಜಿನ ಅಲೆಯ ಉದ್ದ ಒಂದೂವರೆ ಇಂಚಿಗಿಂತ ಕಡಿಮೆ. ಮನುಷ್ಯನ ಕಿವಿಯ ಕೆಳಗಿನ ಗಡಿಯಾದ 20 ಹರ್ಟ್ಜಿನ ಅಲೆಗೆ 56 ಅಡಿ ಉದ್ದ. ಅಷ್ಟು ಉದ್ದದ ಅಲೆ ಗುಡ್ಡವನ್ನು ಬಳಸಿಕೊಂಡು, ಮರಗಳನ್ನು ದಾಟಿಕೊಂಡು ಬರುತ್ತದೆ. ಬಯಲಿನಲ್ಲಿ ಇದರಿಂದ ತೊಂದರೆ ಇಲ್ಲ. 56 ಅಡಿಯ ಅಲೆಯನ್ನು 12 ಅಡಿಯ ಕೋಣೆಯೊಳಗೆ ತಂದು ಬಿಟ್ಟಾಗಲೇ ಎಲ್ಲ ತಕರಾರು ಶುರುವಾಗುವುದು.

ಪೆಟ್ಟಿಗೆಯ ಚರಿತ್ರೆಯನ್ನು ಚುಟುಕಾಗಿ ಹೇಳುತ್ತೇನೆ. ಒಂದು ಸ್ಥಾಯಿ ಕೆಳಗಿಳಿದಾಗಲೆಲ್ಲ ಅಷ್ಟೇ ಸದ್ದು ಬರಬೇಕಾದರೆ ಸ್ಪೀಕರಿನ ಕೋನು ನಾಲ್ಕು ಪಟ್ಟು ಹೆಚ್ಚು ಹಿಂದೆ ಮುಂದೆ ಚಲಿಸಬೇಕು. 80 ಹರ್ಟ್ಜಿನಲ್ಲಿ ಒಂದು ಮಿಲಿಮೀಟರ್ ಆಡಿದರೆ ಸಾಕಾದ ಕೋನು 20 ಹರ್ಟ್ಜಿನಲ್ಲಿ 16 ಮಿಲಿಮೀಟರ್ ಆಡಬೇಕು. ಹಳೆಯ ಕಾಲದಲ್ಲಿ ಇದಕ್ಕಾಗಿ ಗೋದ್ರೇಜ್ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಾಗುತ್ತಿತ್ತು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಪೆಟ್ಟಿಗೆಯನ್ನು ಬಿಗಿಯಾಗಿ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗಿನ ಹಾಗೆ ಬಳಸುವ ಸ್ಪೀಕರನ್ನು ಹೊರತಂದರು. ಪುಸ್ತಕದ ಕಪಾಟಿನಲ್ಲಿ ಕೂರುವ ಪೆಟ್ಟಿಗೆಯಿಂದಲೂ ಆಳವಾದ ದನಿ ಬಂತು. ಅದೇ ಕಾಲದ ಜೆ. ಆಂಟನ್ ಹಾಫ್‌ಮನ್ ಎಂಬವರ ಹೆಸರಿನಲ್ಲಿ ಒಂದು ನಿಯಮ ಉಂಟು: ಚಿಕ್ಕ ಪೆಟ್ಟಿಗೆ, ಆಳವಾದ ದನಿ, ಕಡಿಮೆ ಕರೆಂಟಿನಲ್ಲಿ ದೊಡ್ಡ ಸದ್ದು, ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು. 1974ರಲ್ಲಿ ‘ಅರ್ತ್‌ಕ್ವೇಕ್’ ಎಂಬ ಚಿತ್ರಕ್ಕಾಗಿ ಹಾಲಿವುಡ್ಡಿನವರು ಥಿಯೇಟರಿನೊಳಗೆ ಭೂಕಂಪದ ಮೊರೆತ ಎಬ್ಬಿಸಿದರು. ತಗ್ಗುದನಿಗೆಂದೇ ಬೇರೆ ಪೆಟ್ಟಿಗೆ ಎಂಬ ಕಲ್ಪನೆ ಜನಪ್ರಿಯವಾಗುವುದಕ್ಕೆ ಸಿನಿಮಾದ ಕೊಡುಗೆ ದೊಡ್ಡದು. ಇವತ್ತಿನ ಸಬ್‌ವೂಫರಿನಲ್ಲಿ ಆಂಪ್ಲಿಫೈಯರ್ ಒಳಗೇ ಇರುತ್ತದೆ. ಹಾಫ್‌ಮನ್ನರ ಮೂರರಲ್ಲಿ ಕರೆಂಟಿನ ಮಿತವ್ಯಯವನ್ನು ಬಿಟ್ಟುಕೊಟ್ಟು ಮಿಕ್ಕ ಎರಡನ್ನು ಅದು ಪಡೆದಿದೆ.

ಆದರೆ ಸಿನಿಮಾದವರ ದಾರಿ ಬೇರೆ, ಸಂಗೀತದವರ ದಾರಿ ಬೇರೆ. ಇದನ್ನು ನಾನು ಒತ್ತಿ ಹೇಳಬೇಕು. ಸಿನಿಮಾಕ್ಕೆ ಬೇಕಾದದ್ದು ಸ್ಫೋಟ, ಅದಕ್ಕೆ ಶ್ರುತಿ ಇಲ್ಲ. ನಮ್ಮ ಸಂಗೀತದಲ್ಲಿ ಚರ್ಮವಾದ್ಯಕ್ಕೂ ಶ್ರುತಿ ಉಂಟು. ಸಿ. ವಿ. ರಾಮನ್ ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ತಾವೇ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ನಮ್ಮ ಮೃದಂಗ ತಬಲಾಗಳ ಬಗ್ಗೆ ಒಂದು ಪ್ರಬಂಧ ಬರೆದರು. ಬರೀ ಚರ್ಮ ಬಿಗಿದ ವಾದ್ಯಕ್ಕೆ ಪೆಟ್ಟು ಕೊಟ್ಟರೆ ಅದರ ಉಪಸ್ವರಗಳು ಒಂದಕ್ಕೊಂದು ಕೂಡುವುದಿಲ್ಲ, ಬರೀ ಗದ್ದಲ ಆಗುತ್ತದೆ. ಚರ್ಮದ ನಡುವೆ ಹಾಕುವ ಕರಣೆಯ ಭಾರ ಆ ಉಪಸ್ವರಗಳನ್ನು ತಂತಿವಾದ್ಯದಂತೆ ಎರಡು, ಮೂರು, ನಾಲ್ಕು, ಐದು ಪಟ್ಟಿನ ಸಾಲಿಗೆ ತಂದು ನಿಲ್ಲಿಸುತ್ತದೆ ಎಂದು ಅವರು ತೋರಿಸಿಕೊಟ್ಟರು. ಭಾಗವತರ ಶ್ರುತಿಗೆ ಮದ್ದಳೆಯನ್ನು ಕೂಡಿಸುವ ಮದ್ದಳೆಗಾರರ ಕಿವಿಗೆ ಇದು ತಲೆತಲಾಂತರದಿಂದ ಗೊತ್ತಿದ್ದ ಸತ್ಯ. ಇಂಥ ವಾದ್ಯ ಕೇಳಿ ಬೆಳೆದ ಕಿವಿಗೆ ಎಲ್ಲ ಪೆಟ್ಟಿಗೂ ಒಂದೇ ‘ಬೂಂ’ ಎನ್ನುವ ಯಂತ್ರ ಸಹ್ಯವಾಗಲಾರದು, ಆಗಲೂಬಾರದು.

ಆ ಒಂದೇ ‘ಬೂಂ’ ಎಲ್ಲಿಂದ ಬರುತ್ತದೆ ಎಂಬುದು ನನಗೆ ಚೆನ್ನಾಗಿ ಮನದಟ್ಟಾದದ್ದು ನಮ್ಮ ಭಾವನ ಹೊಸ ಮನೆಯಲ್ಲಿ. ಹಳೆಯ ಹಂಚಿನ ಮನೆಯ ಪಕ್ಕದಲ್ಲೇ ತಾರಸಿ ಮನೆ ಕಟ್ಟಿಸಿ, ಉಪ್ಪರಿಗೆಯಲ್ಲಿ 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯನ್ನು ಸಂಗೀತಕ್ಕೆಂದು ಇಟ್ಟುಕೊಂಡಿದ್ದರು. 12 ಇಂಚಿನ ದೊಡ್ಡ ಸಬ್‌ವೂಫರ್ ತಂದು ಮೂಲೆಯಲ್ಲಿ ಕೂರಿಸಿದ್ದರು. ನಾನು ಹೋದ ಕೂಡಲೇ ದೂರು.

“ಇದೆಂತ ಭಾವ, ತಬಲ ಬಾರಿಸಿದರೂ ಅದೇ ಬೂಂ, ಸಿನಿಮಾ ಪದ್ಯಕ್ಕೂ ಅದೇ ಬೂಂ. ಪೆಟ್ಟಿಗೆ ಹಾಳುಂಟೋ ಎಂತದೋ.”

ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಬೂಂ ಎನ್ನುತ್ತಿದ್ದದ್ದು ಕೋಣೆ. ಕೊಡಪಾನವನ್ನು ಕಂಕುಳಲ್ಲಿಟ್ಟು ನಡೆಯುವಾಗ ಒಂದು ನಿರ್ದಿಷ್ಟ ನಡಿಗೆಯ ಲಯಕ್ಕೆ ಮಾತ್ರ ನೀರು ಜೋರಾಗಿ ತುಳುಕುತ್ತದಲ್ಲ, ಎದುರು ಬದುರು ಗೋಡೆಗಳ ನಡುವಿನ ಗಾಳಿಯೂ ತನ್ನ ಅಳತೆಗೆ ಹೊಂದುವ ಸ್ವರಕ್ಕೆ ಹಾಗೆಯೇ ತುಳುಕುತ್ತದೆ. ಆ ಸ್ವರ ಯಾವುದೆಂದು ತಿಳಿಯುವುದು ಸುಲಭ. 565ನ್ನು ಗೋಡೆಯಿಂದ ಗೋಡೆಗೆ ಇರುವ ಅಡಿಗಳಿಂದ ಭಾಗಿಸಿ. ಶಬ್ದ ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತದೆ, ಅದರ ಅರ್ಧ ಈ 565. 12 ಅಡಿಗೆ ಭಾಗಿಸಿದರೆ 47 ಹರ್ಟ್ಜ್. ಭಾವನ ಕೋಣೆಯಲ್ಲಿ ಉದ್ದವೂ 12, ಅಗಲವೂ 12. ಎರಡೂ ದಿಕ್ಕಿನಲ್ಲಿ ಅದೇ 47 ತುಳುಕಿ ಒಂದರ ಮೇಲೊಂದು ಕೂತಿತ್ತು. ಮೇಲಾಗಿ ಮೂಲೆ ಎಂದರೆ ಈ ಎಲ್ಲ ತುಳುಕಾಟಕ್ಕೂ ಅತಿ ಹೆಚ್ಚು ಬಲ ಕೊಡುವ ಜಾಗ. ಕೋಣೆಯ ಅಳತೆ ಇನ್ನೂ ಕೆಟ್ಟದಾಗಬಹುದು: 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಮೂರೂ ದಿಕ್ಕು ಒಂದೇ ಸ್ವರದಲ್ಲಿ ಕೂಗುತ್ತವೆ. ಹೊಸ ಮನೆ ಕಟ್ಟುವವರಲ್ಲಿ ನನ್ನ ವಿನಂತಿ, ಸಂಗೀತದ ಕೋಣೆ ಬೇಕೆಂದು ಮನಸ್ಸಿದ್ದರೆ ಚೌಕ ಕೋಣೆ ಬೇಡ ಎಂದು ಮೇಸ್ತ್ರಿಗೆ ಪಾಯದ ಹಂತದಲ್ಲೇ ಹೇಳಿ.

ನಮ್ಮ ಹಳೆಯ ಮನೆಗಳ ಚಾವಡಿ ಈ ವಿಷಯದಲ್ಲಿ ಬಹಳ ಮೇಲು. ಮುರಕಲ್ಲಿನ ಗೋಡೆ ತಗ್ಗುದನಿಯನ್ನು ವಾಪಸು ತಳ್ಳುತ್ತದೆ, ಅದು ನಿಜ. ಆದರೆ ಮೇಲೆ ಕಾಂಕ್ರೀಟು ಇಲ್ಲ. ಹಲಗೆಯ ಮುಚ್ಚಿಗೆ ತಗ್ಗುದನಿಗೆ ತಾನೂ ತುಸು ಅದುರಿ ಅದರ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಸ್ಟುಡಿಯೊ ಕಟ್ಟುವವರು ತೆಳು ಹಲಗೆಯ ಹಿಂದೆ ಗಾಳಿಯ ಜಾಗ ಬಿಟ್ಟು ದುಬಾರಿ ಖರ್ಚಿನಲ್ಲಿ ಮಾಡಿಸುವುದು ಇದೇ ಏರ್ಪಾಟನ್ನು. ಮುಚ್ಚಿಗೆಯ ಸಂದಿನಿಂದ ದಾಟಿದ್ದು ಅಟ್ಟದ ಮೂಲಕ ಹಂಚಿನ ಎಡೆಯಿಂದ ಹೊರಗೆ ಹೋಗುತ್ತದೆ. ಜಗಲಿಗೆ ತೆರೆದ ಬಾಗಿಲು, ದಳಿ ಇರುವ ಕಿಟಕಿ, ಇವೂ ಸೇರಿ ಗಾಳಿ ತುಳುಕಿ ನಿಲ್ಲುವುದಕ್ಕೆ ಎಡೆ ಕೊಡುವುದಿಲ್ಲ. ಇಂಥ ಚಾವಡಿಯಲ್ಲಿ ತಗ್ಗುದನಿ ತುಂಬಿಸುವುದಕ್ಕೆ ಯಂತ್ರದ ಬಲ ಸ್ವಲ್ಪ ಹೆಚ್ಚು ಬೇಕು. ತುಂಬಿದ ಮೇಲೆ ಸ್ವರ ಸ್ವರವೂ ಬೇರೆ ಬೇರೆಯಾಗಿ ನಿಲ್ಲುತ್ತದೆ. ಹಳೆಯ ಮನೆ ಕೆಡವಿ ತಾರಸಿ ಹಾಕಲು ಹೊರಟವರು, ಒಂದು ಚಾವಡಿಯನ್ನಾದರೂ ಮುಚ್ಚಿಗೆ ಸಮೇತ ಉಳಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ತಾರಸಿ ಕೋಣೆಯವರು ಏನು ಮಾಡಬೇಕು? ಪರದೆ, ಚಾಪೆ, ಗೋಡೆಗೆ ಮೊಟ್ಟೆಯ ಟ್ರೇ, ಇವೆಲ್ಲ ಮೇಲಿನ ದನಿಯನ್ನು ತಗ್ಗಿಸಬಹುದೇ ಹೊರತು 47 ಹರ್ಟ್ಜಿಗೆ ಏನೂ ಮಾಡುವುದಿಲ್ಲ. ಆ ಅಲೆಯ ಉದ್ದ 24 ಅಡಿ. ಅದನ್ನು ಮೆತ್ತನೆಯ ವಸ್ತುವಿನಿಂದ ಹಿಡಿಯಬೇಕಾದರೆ ಅಡಿಗಟ್ಟಲೆ ದಪ್ಪ ಬೇಕು. ಹಾಗಾಗಿ ಮೊದಲು ಮಾಡಬೇಕಾದದ್ದು ಜಾಗ ಹುಡುಕುವ ಕೆಲಸ, ಅದಕ್ಕೆ ದುಡ್ಡು ಬೇಡ. ಭಾವನ ಮನೆಯಲ್ಲಿ ನಾವು ಮಾಡಿದ್ದನ್ನು ವಿವರವಾಗಿ ಹೇಳುತ್ತೇನೆ.

ಅವರು ಯಾವಾಗಲೂ ಕೂರುವ ಕುರ್ಚಿಯನ್ನು ಬದಿಗೆ ಸರಿಸಿ, ಅದೇ ಜಾಗದಲ್ಲಿ ಒಂದು ಗಟ್ಟಿ ಮೇಜಿನ ಮೇಲೆ, ಕೂತವರ ಕಿವಿಯ ಮಟ್ಟಕ್ಕೆ ಬರುವಂತೆ ಸಬ್‌ವೂಫರನ್ನು ಇಟ್ಟೆವು. ಮೊಬೈಲನ್ನು ಆಂಪ್ಲಿಫೈಯರಿಗೆ ಜೋಡಿಸಿ, 30ರಿಂದ 80 ಹರ್ಟ್ಜಿನವರೆಗೆ ನಿಧಾನವಾಗಿ ಏರುವ ಒಂದೇ ನಾದವನ್ನು ಮತ್ತೆ ಮತ್ತೆ ಬರುವಂತೆ ಹಾಕಿದೆವು. ಆಮೇಲೆ ಭಾವ ಸೀಮೆಸುಣ್ಣ ಹಿಡಿದು, ನಾನು ಟಾರ್ಚು ಹಿಡಿದು, ಗೋಡೆಯ ಬುಡದಲ್ಲಿ ಮೊಣಕಾಲೂರಿ ಕೋಣೆಗೆ ಸುತ್ತು ಬಂದೆವು. ಕಿವಿ ನೆಲದ ಹತ್ತಿರವೇ ಇರಬೇಕು, ಯಾಕೆಂದರೆ ಪೆಟ್ಟಿಗೆ ಕೊನೆಗೆ ಕೂರುವುದು ನೆಲದಲ್ಲಿ. ಮೂಲೆಗೆ ಬಂದಾಗ ನಾದ 47ನ್ನು ದಾಟುವ ಕ್ಷಣದಲ್ಲಿ ಕಿವಿ ಕಟ್ಟಿದಂತಾಗುತ್ತಿತ್ತು, ಪಕ್ಕದ ಕಪಾಟಿನ ಗಾಜು ಗಿರ್ ಎನ್ನುತ್ತಿತ್ತು. ಮೂಲೆಯಿಂದ ಒಂದೊಂದೇ ಅಡಿ ಸರಿದಂತೆ ಆ ಉಬ್ಬು ಇಳಿಯುತ್ತಾ ಬಂತು. ಗೋಡೆಯ ಸರಿ ಮಧ್ಯಕ್ಕೆ ಬಂದಾಗ ನಾದ ಕೆಳಗಿನಿಂದ ಮೇಲಿನವರೆಗೆ ಹೆಚ್ಚು ಕಡಿಮೆ ಒಂದೇ ಗಾತ್ರದಲ್ಲಿ ಏರಿ ಹೋಯಿತು. ಅಲ್ಲಿ ಸೀಮೆಸುಣ್ಣದ ಗುರುತು ಬಿತ್ತು. ಪೆಟ್ಟಿಗೆ ಮತ್ತು ಕಿವಿ ಸ್ಥಾನ ಬದಲಿಸಿಕೊಂಡರೂ ನಡುವಿನ ದಾರಿಯ ಗುಣ ಬದಲಾಗುವುದಿಲ್ಲ ಎಂಬುದು ಭೌತಶಾಸ್ತ್ರದ ನಿಯಮ. ಆದ್ದರಿಂದ ಗುರುತಿನ ಜಾಗದಲ್ಲಿ ಪೆಟ್ಟಿಗೆ ಇಟ್ಟು ಕುರ್ಚಿಯಲ್ಲಿ ಕೂತರೆ ಅದೇ ಸಮತೂಕ ಸಿಗುತ್ತದೆ. ಸಿಕ್ಕಿತು ಕೂಡ. ಆ ಸಂಜೆ ತಬಲಾದ ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸುವ ಗಮಕ ಮೊದಲ ಸಲ ಆ ಕೋಣೆಯಲ್ಲಿ ಸ್ವರವಾಗಿ ಕೇಳಿಸಿತು. “ಈಗ ಜಾರುವುದು ಗೊತ್ತಾಗ್ತದೆ ಮಾರಾಯ್ರೆ” ಎಂದು ಭಾವ ಎದ್ದು ನಿಂತರು.

ಇನ್ನೂ ಒಂದು ಹೆಜ್ಜೆ ಬಾಕಿ ಇತ್ತು. ಹರ್ಮನ್ ಕಂಪನಿಯ ಸಂಶೋಧಕ ಟಾಡ್ ವೆಲ್ಟಿ 2002ರಲ್ಲಿ ಎಷ್ಟು ಸಬ್‌ವೂಫರ್ ಇದ್ದರೆ ಸಾಕು ಎಂಬ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಕೊಟ್ಟಿದ್ದಾರೆ. ಆಯತದ ಕೋಣೆಯಲ್ಲಿ ಎದುರು ಬದುರು ಗೋಡೆಗಳ ಮಧ್ಯದಲ್ಲಿ ಒಂದೊಂದರಂತೆ ಎರಡು ಇಡುವುದು ಬಹಳ ಒಳ್ಳೆಯ ಏರ್ಪಾಟು. ಯಾಕೆ ಎಂಬುದು ಸರಳ. ಗೋಡೆಯ ಮಧ್ಯದಲ್ಲಿರುವ ಪೆಟ್ಟಿಗೆ ಆ ಗೋಡೆಯ ಅಗಲದ ಮೊದಲ ತುಳುಕಾಟವನ್ನು ಎಬ್ಬಿಸಲಾರದು, ಆ ತುಳುಕಾಟಕ್ಕೆ ಮಧ್ಯದಲ್ಲಿ ಬಲವೇ ಇಲ್ಲ. ಎದುರಿನ ಗೋಡೆಯಲ್ಲಿ ಇನ್ನೊಂದು ಅದೇ ತಾಳಕ್ಕೆ ಒತ್ತಿದಾಗ ಉದ್ದದ ದಿಕ್ಕಿನ ತುಳುಕಾಟವೂ ಎರಡು ಕಡೆಯ ಒತ್ತಡಕ್ಕೆ ಸಿಕ್ಕಿ ಅಳಿಯುತ್ತದೆ. ಮತ್ತೊಂದು ಪ್ರಯೋಜನ, ಒಬ್ಬರ ಕುರ್ಚಿಗೆ ಮಾತ್ರ ಚೆನ್ನಾಗಿ ಕೇಳುವ ಬದಲು ಕೋಣೆಯಲ್ಲಿ ಕೂತ ಮನೆಯವರೆಲ್ಲರಿಗೂ ಹತ್ತಿರ ಹತ್ತಿರ ಒಂದೇ ದನಿ ಸಿಗುತ್ತದೆ. ನಮ್ಮ ಕಡೆ ಸಂಗೀತ ಒಬ್ಬರೇ ಕೂತು ಕೇಳುವಂಥದ್ದಲ್ಲವಲ್ಲ. ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಒಂದು 12 ಇಂಚಿನ ದೊಡ್ಡ ಪೆಟ್ಟಿಗೆಗೆ ಹಾಕುವ ದುಡ್ಡಿನಲ್ಲಿ 8 ಅಥವಾ 10 ಇಂಚಿನ, ಮುಚ್ಚಿದ ಪೆಟ್ಟಿಗೆಯ, ಒಂದೇ ಮಾದರಿಯ ಎರಡನ್ನು ಕೊಳ್ಳಿ. ಭಾವ ಕೊನೆಗೆ ಹಾಗೆಯೇ ಮಾಡಿದರು.

ಕೂರುವ ಜಾಗಕ್ಕೂ ಗಮನ ಬೇಕು. ಕೋಣೆಯ ಸರಿ ಮಧ್ಯದಲ್ಲಿ ಕೂತರೆ ಮೊದಲ ತುಳುಕಾಟದ ಸ್ವರ ಮಾಯವಾಗುತ್ತದೆ, ಹಿಂದಿನ ಗೋಡೆಗೆ ಒರಗಿ ಕೂತರೆ ಅದೇ ಸ್ವರ ಮೈಮೇಲೆ ಬರುತ್ತದೆ. ಹಿಂಗೋಡೆಯಿಂದ ಕೋಣೆಯ ಮೂರನೇ ಒಂದು ಪಾಲಿನಷ್ಟು ಮುಂದೆ ಬಂದು ಕೂತು ನೋಡಿ.

ಪೆಟ್ಟಿಗೆಯ ಹಿಂದೆ ಇರುವ ತಿರುಪುಗಳಲ್ಲಿ ಒಂದು ಕ್ರಾಸ್‌ಓವರಿನದ್ದು, ಅಂದರೆ ಎಲ್ಲಿಂದ ಕೆಳಗಿನ ದನಿಯನ್ನು ಸಬ್‌ವೂಫರಿಗೆ ಒಪ್ಪಿಸಬೇಕು ಎಂಬುದು. 80 ಹರ್ಟ್ಜಿಗಿಂತ ಕೆಳಗಿನ ದನಿ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಕಿವಿಗೆ ಪತ್ತೆ ಹಚ್ಚುವುದು ಬಹಳ ಕಷ್ಟ. ಆದ್ದರಿಂದ 60ರಿಂದ 80ರ ನಡುವೆ ಇಟ್ಟರೆ ಮೃದಂಗ ಮುಂದಿನ ಸ್ಪೀಕರುಗಳ ನಡುವೆ, ಕಲಾವಿದರು ಕೂತ ಜಾಗದಲ್ಲೇ ಉಳಿಯುತ್ತದೆ. 120ಕ್ಕೆ ಏರಿಸಿದರೆ ಗಂಡುದನಿಯ ಬುಡವೂ ಪೆಟ್ಟಿಗೆಗೆ ಹೋಗಿ, ಗಾಯಕರ ಎದೆ ಒಂದು ಕಡೆ, ಬಾಯಿ ಇನ್ನೊಂದು ಕಡೆ ಆಗುತ್ತದೆ. ಫೇಸ್ ಎಂದು ಬರೆದ ಗುಂಡಿಗೆ 0 ಮತ್ತು 180 ಎಂಬ ಎರಡು ಸ್ಥಾನ ಇರುತ್ತದೆ. ಕ್ರಾಸ್‌ಓವರಿನ ಸ್ವರವನ್ನೇ ನುಡಿಸುತ್ತಾ ಕುರ್ಚಿಯಲ್ಲಿ ಕೂತು ಇನ್ನೊಬ್ಬರ ಕೈಯಲ್ಲಿ ಬದಲಿಸಿ ನೋಡಿ. ಯಾವುದರಲ್ಲಿ ದನಿ ಹೆಚ್ಚು ತುಂಬಿ ಕೇಳುತ್ತದೋ ಅಲ್ಲಿ ಬಿಡಿ. ವಾಲ್ಯೂಮನ್ನು ಸಬ್‌ವೂಫರ್ ಇದೆ ಎಂದು ತಿಳಿಯುವವರೆಗೆ ಏರಿಸಿ, ತಿಳಿಯದ ಹಾಗೆ ಒಂದು ಗೆರೆ ಇಳಿಸಿ. ನೆಂಟರು ಬಂದವರು ಸಬ್‌ವೂಫರ್ ಎಲ್ಲಿದೆ ಎಂದು ಕೇಳಿದರೆ ಇನ್ನೂ ಹೆಚ್ಚಿದೆ ಎಂದೇ ಅರ್ಥ.

ಹಾಗೆ ಕೂಡಿ ಬಂದಾಗ ಏನು ಸಿಗುತ್ತದೆ? ತಂಬೂರಿಯನ್ನು ಕೇಳಿ. ಕಪ್ಪು ಒಂದರ ಶ್ರುತಿಯ ಗಂಡು ತಂಬೂರಿಯಲ್ಲಿ ಕೊನೆಯ ಖರಜದ ತಂತಿ ಸುಮಾರು 69 ಹರ್ಟ್ಜಿನಲ್ಲಿ ನುಡಿಯುತ್ತದೆ. ಚಿಕ್ಕ ಸ್ಪೀಕರಿನಲ್ಲಿ ಅದರ ಮೇಲಿನ ಝೇಂಕಾರ ಬರುತ್ತದೆ, ಬುಡ ಬರುವುದಿಲ್ಲ. ಭೀಮಸೇನ ಜೋಶಿಯವರದೋ ಮಲ್ಲಿಕಾರ್ಜುನ ಮನ್ಸೂರರದೋ ಒಳ್ಳೆಯ ಧ್ವನಿಮುದ್ರಿಕೆಯನ್ನು ಸರಿಯಾಗಿ ಕೂಡಿಸಿದ ಸಬ್‌ವೂಫರಿನೊಂದಿಗೆ ಕೇಳಿದಾಗ ಆ ಖರಜ ಮೀಟಿದಾಗಲೆಲ್ಲ ಗಾಯಕರ ಹಿಂದೆ ಕಚೇರಿಯ ಕೋಣೆ ತೆರೆದುಕೊಳ್ಳುತ್ತದೆ. ಈ ಅನುಭವಕ್ಕಾಗಿ ಮೊಣಕಾಲೂರಿ ಸುತ್ತು ಬರುವುದು ದೊಡ್ಡ ಕಷ್ಟವೇನಲ್ಲ. ಹಳೆಯ ಯಕ್ಷಗಾನದ ಕ್ಯಾಸೆಟ್ಟಿನಿಂದ ಮಾತ್ರ ಇದನ್ನು ನಿರೀಕ್ಷಿಸಬೇಡಿ. ಬಯಲಿನಲ್ಲಿ ಒಂದು ಮೈಕಿನಿಂದ ಹಿಡಿದ ಆ ಧ್ವನಿಯಲ್ಲಿ ತೀರ ಕೆಳಗೆ ಇರುವುದು ಹೆಚ್ಚಾಗಿ ಗಾಳಿಯ ಬಡಿತ, ರಂಗಸ್ಥಳದ ಹಲಗೆಯ ದಡದಡ. ಅಂಥದನ್ನು ಕೇಳುವಾಗ ಸಬ್‌ವೂಫರಿನ ಸ್ವಿಚ್ಚು ಆರಿಸಿಬಿಡುವುದೇ ಸರಿ. ಚೆಂಡೆಯ ಅಬ್ಬರವೂ ಹೆಚ್ಚಿನಂಶ ನಡುಸ್ಥಾಯಿಯದ್ದು, ಅದನ್ನು ಒಳ್ಳೆಯ ಸ್ಪೀಕರೇ ಕೊಡುತ್ತದೆ.

ನಮ್ಮ ಹವೆಯ ಬಗ್ಗೆ ಎರಡು ಮಾತು. ಆಟಿಯ ಮಳೆಯಲ್ಲಿ ಬೆಲ್ಟಿಗೂ ಬಟ್ಟೆಗೂ ಬೂಸ್ಟು ಹಿಡಿಯುವ ಊರು ಇದು. ಕೋನಿನ ಸುತ್ತ ಫೋಮಿನ ಅಂಚು ಇರುವ ಸ್ಪೀಕರು ಇಲ್ಲಿ ಬಹಳ ವರ್ಷ ಬಾಳುವುದಿಲ್ಲ, ಫೋಮು ಪುಡಿಯಾಗಿ ಉದುರುತ್ತದೆ. ರಬ್ಬರಿನ ಅಂಚಿನದ್ದನ್ನೇ ಆರಿಸಿ. ಅಂಟಿಸಿದ ಮರದ ಹುಡಿಯ ಹಲಗೆಯಿಂದ ಮಾಡಿದ ಪೆಟ್ಟಿಗೆ ನೆಲದ ತೇವ ಕುಡಿದರೆ ಉಬ್ಬುತ್ತದೆ, ಅಡಿಗೆ ರಬ್ಬರಿನ ಗಟ್ಟಿ ಕಾಲು ಇರಲಿ. ಪ್ಲಗ್ಗು ಹಾಕಿದ ಕೂಡಲೇ ಗುಂಯ್ ಎಂಬ ಒಂದೇ ಸಮನೆಯ ಸದ್ದು ಬಂದರೆ ಅದು ನಮ್ಮ ಕರೆಂಟಿನ 50 ಹರ್ಟ್ಜ್. ಆಂಪ್ಲಿಫೈಯರಿಗೊಂದು, ಸಬ್‌ವೂಫರಿಗೆ ಇನ್ನೊಂದು ಗೋಡೆಯಿಂದ ಕರೆಂಟು ತೆಗೆದಾಗ ಅರ್ತಿಂಗಿನ ಎರಡು ದಾರಿ ಸೇರಿ ಇದು ಬರುತ್ತದೆ. ಎಲ್ಲವನ್ನೂ ಒಂದೇ ಪಾಯಿಂಟಿನಿಂದ ಕೊಡಿ. ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ತಿಂಗ್ ಕಡ್ಡಿ ಕತ್ತರಿಸುವವರಿದ್ದಾರೆ, ದಯವಿಟ್ಟು ಮಾಡಬೇಡಿ, ಅದು ಜೀವ ಕಾಯುವ ತಂತಿ. ಮುಂಗಾರಿಗೆ ಮೊದಲು ಮತ್ತು ತುಲಾ ಮಾಸದಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ಗು ಕಳಚಿಡಿ. ಸ್ವಿಚ್ಚು ಆರಿಸಿದರೆ ಸಾಲದು.

ಕೊನೆಯ ವಿಷಯ ನೆರೆಮನೆಯವರದ್ದು, ಮತ್ತು ಇದು ನನಗೆ ಎಲ್ಲಕ್ಕಿಂತ ಮುಖ್ಯ. ಗುಡ್ಡ ದಾಟಿ ಬರುವ ಬೆಡಿಯ ಸದ್ದಿನ ಹಾಗೆ ನಿಮ್ಮ ಸಬ್‌ವೂಫರಿನ ದನಿಯೂ ಗೋಡೆ ದಾಟುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಆದರೆ ಈ ಅಳತೆ ಕಿವಿಯ ಸ್ವಭಾವವನ್ನು ಅನುಸರಿಸಿ ತಗ್ಗುದನಿಯನ್ನು ಬಹಳ ಕಡಿಮೆ ಲೆಕ್ಕಕ್ಕೆ ಹಿಡಿಯುತ್ತದೆ, 50 ಹರ್ಟ್ಜಿನಲ್ಲಿ 30 ಡೆಸಿಬೆಲ್ ಕಳೆದುಬಿಡುತ್ತದೆ. ಮೊಬೈಲಿನ ಮೀಟರು 45ರೊಳಗೆ ತೋರಿಸಿದರೂ ಪಕ್ಕದ ಮನೆಯ ಅಜ್ಜಿಗೆ ಮಂಚದಲ್ಲಿ ಗುದ್ದು ತಿಳಿಯುತ್ತಿರಬಹುದು. ನಮ್ಮ ಊರಿನ ನಿಶ್ಶಬ್ದ ಎಲ್ಲರ ಪಾಲಿನ ಆಸ್ತಿ.

ಆದ್ದರಿಂದ ಹೊಸದಾಗಿ ಸಬ್‌ವೂಫರ್ ತಂದವರು ಮೊದಲ ರಾತ್ರಿಯೇ ಒಂದು ಕೆಲಸ ಮಾಡಿ. ಪದ್ಯ ಹಾಕಿಟ್ಟು, ಬಾಗಿಲೆಳೆದುಕೊಂಡು, ನೆರೆಮನೆಯ ಅಂಗಳಕ್ಕೆ ಹೋಗಿ ನಿಂತು ಕೇಳಿ. ಅಲ್ಲಿ ತಾಳ ಕೇಳಿಸಿದರೆ ಮನೆಗೆ ಬಂದು, ಅದು ಅಲ್ಲಿ ಕೇಳಿಸದಷ್ಟು ತಗ್ಗಿಸಿ. ತಗ್ಗಿಸಿದ ಜಾಗಕ್ಕೆ ತಿರುಪಿನ ಮೇಲೆ ಪೆನ್ನಿನಲ್ಲಿ ಒಂದು ಗೆರೆ ಎಳೆದಿಡಿ, ಹತ್ತು ಗಂಟೆಯ ಮೇಲೆ ಮನೆಯವರು ಯಾರೂ ಆ ಗೆರೆ ದಾಟದಿರಲಿ.